ಲೈಕ್ ಬರತಾವ, ಠೇವಣಿ ಬರವಲ್ದು

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಒಂದು ಪತ್ತಿನ ಸೌಹಾರ್ದ ಸಹಕಾರಿಯಲ್ಲಿ ನಾನು ವ್ಯವಸ್ಥಾಪಕ. 1,850 ಸದಸ್ಯರಿದ್ದಾರೆ, 14 ಕೋಟಿ ಠೇವಣಿ ಇದೆ, ದಿನದಿನದ ಉಳಿತಾಯ (ಪಿಗ್ಮಿ) ಸಂಗ್ರಹಿಸುವ 6 ಜನ ಏಜೆಂಟರಿದ್ದಾರೆ. ಎರಡು ವರ್ಷದ ಹಿಂದೆ ಫೇಸ್‌ಬುಕ್ ಪೇಜ್ ಮಾಡಿದೆವು. ಈಗ 3,200 ಫಾಲೋವರ್‌ಗಳು. ಹಬ್ಬದ ಪೋಸ್ಟಿಗೆ ನೂರಾರು ಲೈಕ್ ಬರತಾವ, ಠೇವಣಿ ಮಾತ್ರ ಬರವಲ್ದು. ಹಳೆಯ ಠೇವಣಿದಾರರ ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ, ಅವಧಿ ಮುಗಿದ ದುಡ್ಡು ಅವರ ಹಿಂದೆಯೇ ಹೋಗುತ್ತಿದೆ. ಒಂದು ಡಿಜಿಟಲ್ ಏಜೆನ್ಸಿಯವರು ತಿಂಗಳಿಗೆ 25,000 ರೂಪಾಯಿ ಕೇಳುತ್ತಿದ್ದಾರೆ: ದಿನಕ್ಕೊಂದು ಪೋಸ್ಟ್, ವಾರಕ್ಕೆರಡು ರೀಲ್ಸ್. ನಮ್ಮ ಅಧ್ಯಕ್ಷರು "ಹೆಸರಿನಾಗ ಬ್ಯಾಂಕ್ ಅಂತ ಸೇರಿಸ್ರಿ, ಮಂದಿ ನಂಬತಾರ" ಅನ್ನುತ್ತಾರೆ. ಯುವ ನಿರ್ದೇಶಕರೊಬ್ಬರು ಸುಸ್ತಿದಾರರ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋಣ ಅನ್ನುತ್ತಾರೆ. ಯಾವುದನ್ನು ಮಾಡುವುದು, ಯಾವುದನ್ನು ಬಿಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳಿವೆ. ಹೊಸ ಠೇವಣಿ ಬರುತ್ತಿಲ್ಲ, ಇದ್ದದ್ದು ನಿಲ್ಲುತ್ತಿಲ್ಲ, ಕೊಟ್ಟ ಸಾಲ ತಿರುಗಿ ಬರುತ್ತಿಲ್ಲ. ಫೇಸ್‌ಬುಕ್ ಪೇಜ್ ಈ ಮೂರಕ್ಕೂ ಮದ್ದು ಎಂದು ನಿರೀಕ್ಷಿಸಿದ್ದರಿಂದಲೇ ಅದು ಯಾವುದಕ್ಕೂ ಆಗಿಲ್ಲ.

ಮೊದಲು ಏಜೆನ್ಸಿಯ ಲೆಕ್ಕ. ತಿಂಗಳಿಗೆ 25,000 ಅಂದರೆ ವರ್ಷಕ್ಕೆ 3 ಲಕ್ಷ, ಜಿಎಸ್‌ಟಿ ಬೇರೆ. ಠೇವಣಿಗೆ ಕೊಡುವ ಬಡ್ಡಿಗೂ ಸಾಲಕ್ಕೆ ಪಡೆಯುವ ಬಡ್ಡಿಗೂ ಶೇ 3ರಷ್ಟು ಅಂತರ ಉಳಿಯುತ್ತದೆ ಅಂದುಕೊಳ್ಳಿ. ಆ ಖರ್ಚು ಹುಟ್ಟಬೇಕಾದರೆ 1 ಕೋಟಿ ರೂಪಾಯಿಯ ಹೊಸ ಠೇವಣಿ ಬರಬೇಕು, ಅಷ್ಟೂ ಒಳ್ಳೆಯ ಸಾಲವಾಗಿ ಹೊರಗೆ ಹೋಗಬೇಕು, ಅದರಲ್ಲಿ ಒಂದು ರೂಪಾಯಿಯೂ ಸುಸ್ತಿಯಾಗಬಾರದು. ಠೇವಣಿ ಬಂದು ಸಾಲಕ್ಕೆ ಗಿರಾಕಿ ಸಿಗದಿದ್ದರೆ? ಶೇ 9ಕ್ಕೆ ತೆಗೆದುಕೊಂಡ 1 ಕೋಟಿಯನ್ನು ಶೇ 7ಕ್ಕೆ ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನಲ್ಲಿ ಇಟ್ಟು ಕೂತರೆ ವರ್ಷಕ್ಕೆ 2 ಲಕ್ಷ ಕೈಯಿಂದ ಹೋಗುತ್ತದೆ. ಹೀಗಾಗಿ ಪ್ರಚಾರ ಯಶಸ್ವಿಯಾಗಿಯೂ ಸಂಘ ನಷ್ಟಕ್ಕೆ ಬೀಳಬಹುದು. ನಿಮಗೆ ಈಗ ಬೇಕಿರುವುದು ಠೇವಣಿಯೋ, ಒಳ್ಳೆಯ ಸಾಲಗಾರನೋ ಎಂಬುದನ್ನು ಆಡಳಿತ ಮಂಡಳಿಯಲ್ಲಿ ಇತ್ಯರ್ಥ ಮಾಡಿಕೊಳ್ಳದೆ ಒಂದು ಪೋಸ್ಟನ್ನೂ ಹಾಕಬೇಡಿ.

3,200 ಫಾಲೋವರ್‌ಗಳಲ್ಲಿ ನಿಮ್ಮ ಸದಸ್ಯರು ಎಷ್ಟು ಎಂದು ಒಮ್ಮೆ ಹೆಸರು ಹಿಡಿದು ಎಣಿಸಿ ನೋಡಿ. ಇಂಥ ಪೇಜ್‌ಗಳಲ್ಲಿ ಬಹುಪಾಲು ಜನ ಬೇರೆ ಜಿಲ್ಲೆಯವರು, ಏಜೆಂಟರ ಗೆಳೆಯರು, ಉಳಿದ ಸಂಘಗಳ ಸಿಬ್ಬಂದಿ. ರೀಲ್ಸ್‌ನ ಗುಣವೇ ಅಪರಿಚಿತರ ಬಳಿ ಓಡುವುದು. ಬಟ್ಟೆ ಅಂಗಡಿಗೆ ಅದು ಲಾಭ, ನಿಮಗೆ ಅಲ್ಲ. ಕಾರಣ ಸರಳ: ಪತ್ತಿನ ಸಹಕಾರಿ ವ್ಯವಹಾರ ಮಾಡಬೇಕಾದದ್ದು ಸದಸ್ಯರ ಜೊತೆ. ವಿಜಯಪುರದಲ್ಲಿ ಕೂತು ರೀಲ್ಸ್ ನೋಡಿದವನು ನಿಮ್ಮ ಕಾರ್ಯವ್ಯಾಪ್ತಿಯವನಲ್ಲ, ಸದಸ್ಯನಾಗಲಾರ, ಠೇವಣಿ ಇಡಲಾರ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ನಾಡಿನ ಮೊದಲ ಸಹಕಾರ ಸಂಘ ಶುರುವಾದಾಗಿನಿಂದ ಈ ವ್ಯವಸ್ಥೆ ನಿಂತಿರುವುದು ಒಬ್ಬರ ಮನೆ ಒಬ್ಬರಿಗೆ ಗೊತ್ತಿದೆ ಎಂಬ ಒಂದೇ ಬಲದ ಮೇಲೆ. ನಿಮ್ಮ ಮೊಬೈಲ್ ಪ್ರಚಾರವೂ ಆ ಗೊತ್ತಿರುವವರನ್ನೇ ಮುಟ್ಟಬೇಕು: 1,850 ಸದಸ್ಯರು ಮತ್ತು ಅವರ ಮನೆಯವರು.

ಇನ್ನು ಅಧ್ಯಕ್ಷರ ಸಲಹೆ. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 7ನೇ ಕಲಮು ಪತ್ತಿನ ಸಂಘಗಳು ಹೆಸರಿನಲ್ಲಿ ಬ್ಯಾಂಕ್, ಬ್ಯಾಂಕರ್, ಬ್ಯಾಂಕಿಂಗ್ ಎಂಬ ಪದ ಬಳಸದಂತೆ ತಡೆಯುತ್ತದೆ. 2020ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 29ರಿಂದ ಜಾರಿಯಲ್ಲಿದೆ. ರಿಸರ್ವ್ ಬ್ಯಾಂಕ್ 2021ರ ನವೆಂಬರ್ 22ರಂದು ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ಸದಸ್ಯರಲ್ಲದವರಿಂದ, ನಾಮಮಾತ್ರ ಮತ್ತು ಸಹ ಸದಸ್ಯರಿಂದ ಠೇವಣಿ ಪಡೆಯುವುದು ಬ್ಯಾಂಕಿಂಗ್ ವ್ಯವಹಾರಕ್ಕೆ ಸಮ ಎಂದೂ ಅದರಲ್ಲಿ ಹೇಳಿದೆ. ಫಲಕದ ಮೇಲೆ ಇಲ್ಲದಿದ್ದರೂ ಈ ಪದ ಬೇರೆ ಕಡೆ ನುಸುಳಿರುತ್ತದೆ. ಫೇಸ್‌ಬುಕ್ ಪೇಜಿನ ವಿಳಾಸದಲ್ಲಿ, ಇನ್‌ಸ್ಟಾಗ್ರಾಂ ಹೆಸರಿನಲ್ಲಿ, ಪಿಗ್ಮಿ ಪುಸ್ತಕದ ಹಿಂಬದಿಯಲ್ಲಿ, ಕ್ರಿಕೆಟ್ ಟೂರ್ನಿಗೆ ಹಂಚಿದ ಟೀ ಶರ್ಟ್ ಮೇಲೆ ಹುಡುಕಿ. ಗೂಗಲ್ ಮ್ಯಾಪ್‌ನಲ್ಲಿ ಯಾರೋ ಹಾದಿಹೋಕರೇ ನಿಮ್ಮ ಕಚೇರಿಯನ್ನು "ಬ್ಯಾಂಕ್" ವರ್ಗಕ್ಕೆ ಸೇರಿಸಿರಬಹುದು. ಆ ಪ್ರೊಫೈಲ್ ನಿಮ್ಮದೇ ಎಂದು ದೃಢಪಡಿಸಿ ವಶಕ್ಕೆ ತೆಗೆದುಕೊಂಡು ವರ್ಗ ಬದಲಿಸಿ, ವೇಳೆ, ರಜಾದಿನ, ಫೋನ್ ನಂಬರ್ ಸರಿಮಾಡಿ. ಇದಕ್ಕೆ ದುಡ್ಡಿಲ್ಲ. ನನ್ನ ದೃಷ್ಟಿಯಲ್ಲಿ ಹತ್ತು ರೀಲ್ಸ್‌ಗಿಂತ ಹೆಚ್ಚು ಕೆಲಸ ಮಾಡುವುದು ಇದೇ.

ಇದೇ ಜಾತಿಯ ಇನ್ನೆರಡು ಮಾತುಗಳಿವೆ: "ಶೇ 100 ಸುರಕ್ಷಿತ" ಮತ್ತು "ಸರ್ಕಾರದಿಂದ ಮಾನ್ಯತೆ ಪಡೆದ". ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ, ಪತ್ತಿನ ಸಂಘದ ಠೇವಣಿಗೆ ಇಲ್ಲ. ಸದಸ್ಯ ಕೇಳಿದರೆ ಹಾಗೆಯೇ ಹೇಳಿ. ಮುಚ್ಚಿಟ್ಟ ಮಾತು ಮುಂದೊಂದು ದಿನ ಪರರ ಬಾಯಿಂದ ಹೊರಬಂದರೆ ನಿಮ್ಮ ಉಳಿದ ಸತ್ಯಗಳೂ ಸುಳ್ಳಾಗುತ್ತವೆ. ಹೇಳಿಕೊಳ್ಳಲು ನಿಮ್ಮಲ್ಲೂ ಗಟ್ಟಿ ಸಂಗತಿಗಳಿವೆ: ನೋಂದಣಿ ಸಂಖ್ಯೆ ಮತ್ತು ವರ್ಷ, ಆಡಿಟ್ ವರ್ಗ, ಷೇರು ಬಂಡವಾಳ, ಕಾಯ್ದಿಟ್ಟ ನಿಧಿ, ಸುಸ್ತಿ ಸಾಲದ ಪ್ರಮಾಣ. ಕೊನೆಯದನ್ನು ಬರೆಯಲು ಯಾರೂ ಒಪ್ಪುವುದಿಲ್ಲ. ಮಹಾಸಭೆಯ ವರದಿಯಲ್ಲಿ ಹೇಗೂ ಅಚ್ಚಾಗುವ ಸಂಖ್ಯೆ ಅದು, ನೀವೇ ಮೊದಲು ಹೇಳಿದರೆ ಅದಕ್ಕೆ ಬೇರೆಯದೇ ತೂಕ.

ಠೇವಣಿಯ ಬಡ್ಡಿದರ ಹಾಕಿ ಊರಿಗೆಲ್ಲ ಜಾಹೀರಾತು ಕೊಡುವುದರಲ್ಲೂ ತೊಡಕಿದೆ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ ಅಂಥ ಠೇವಣಿ ಪಡೆಯುವುದಷ್ಟೇ ಅಲ್ಲ, ಅದರ ಜಾಹೀರಾತು ಕೊಡುವುದೂ ನಿಷಿದ್ಧ. ಸದಸ್ಯರಿಂದ ಠೇವಣಿ ಪಡೆಯುವ ನೋಂದಾಯಿತ ಸಹಕಾರಿ ಬೇರೆ, ಸಾರ್ವಜನಿಕರಿಂದ ಎತ್ತುವವರು ಬೇರೆ. ಆ ಗೆರೆಯ ಯಾವ ಬದಿಯಲ್ಲಿ ನಿಂತಿದ್ದೀರಿ ಎಂಬುದಕ್ಕೆ ನಿಮ್ಮ ಪೋಸ್ಟೇ ಸಾಕ್ಷಿಯಾಗುತ್ತದೆ. ಸದಸ್ಯರಾಚೆಗೆ ವ್ಯವಹಾರ ಚಾಚಿದರೆ 80ಪಿ ಎಂದೇ ಪರಿಚಿತವಾದ, ಸಹಕಾರ ಸಂಘಗಳಿಗಿರುವ ಆದಾಯ ತೆರಿಗೆ ವಿನಾಯಿತಿಗೂ ಪೆಟ್ಟು. ಆದ್ದರಿಂದ ದರದ ಪೋಸ್ಟಿನ ಮೊದಲ ಸಾಲೇ "ನಮ್ಮ ಸದಸ್ಯರಿಗೆ" ಎಂದಿರಲಿ. ಸಾರ್ವಜನಿಕರಿಗೆ ಸದಸ್ಯತ್ವದ ಬಗ್ಗೆ ಹೇಳಿ: ಯಾರು ಆಗಬಹುದು, ಷೇರು ಎಷ್ಟು, ಯಾವ ದಾಖಲೆ ಬೇಕು.

ಸುಸ್ತಿದಾರರ ಪಟ್ಟಿ ಗ್ರೂಪಿಗೆ ಬೇಡ. ಸುಸ್ತಿಯಾದವನಿಗೆ ನಾಚಿಕೆಯಾಗಿ ಕಟ್ಟುತ್ತಾನೆ ಎಂಬುದು ನಿರ್ದೇಶಕರ ಎಣಿಕೆ. ಆಗುವುದು ಬೇರೆ. ಜಾಮೀನುದಾರರ ಮಾನವೂ ಹೋಗುತ್ತದೆ, ಮುಂದೆ ನಿಮ್ಮ ಸಾಲಕ್ಕೆ ಜಾಮೀನು ನಿಲ್ಲುವವರೇ ಸಿಗುವುದಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ತಪ್ಪಾದರೆ ಮಾನನಷ್ಟದ ನೋಟಿಸ್ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸದಸ್ಯರ ಮಾಹಿತಿಯನ್ನು ಹೀಗೆ ಹರಿಬಿಡುವುದು ಇನ್ನೂ ದುಬಾರಿ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾದ ಸಂದರ್ಭ ಜನರ ನೆನಪಿನಲ್ಲಿದೆ. ಅವರ ಸಾಲಿನಲ್ಲಿ ನೀವೂ ನಿಲ್ಲುವುದೇಕೆ? ವಸೂಲಿಗೆ ನೋಟಿಸ್ ಇದೆ, ದಾವೆ ಇದೆ, ಮನೆಗೆ ಹೋಗಿ ಮಾತಾಡುವುದಿದೆ.

ಮಾಡಬೇಕಾದದ್ದು ಶುರುವಾಗುವುದು ಪಿಗ್ಮಿ ಏಜೆಂಟರಿಂದ. ಅವರಿಗಿಂತ ದೊಡ್ಡ ಮಾಧ್ಯಮ ನಿಮ್ಮ ಬಳಿ ಇಲ್ಲ, ದಿನವೂ ಅಂಗಡಿಗೆ, ಮನೆಗೆ ಹೋಗಿಬರುವವರು ಅವರು. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ ಒಂದು ಗುಟ್ಟಿದೆ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ, ಉಳಿದವರಿಗೆ ಹೋಗುವುದೇ ಇಲ್ಲ. "ನಾವು ಎಲ್ಲರಿಗೂ ಕಳಿಸ್ತೀವಿ, ಯಾರೂ ನೋಡಲ್ಲ" ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ. ಹಾಗಾಗಿ ಏಜೆಂಟರಿಗೆ ಒಂದೇ ಕೆಲಸ ಕೊಡಿ: ಪುಸ್ತಕಕ್ಕೆ ಬರೆಯುವಾಗ ಸದಸ್ಯರ ಫೋನ್ ಕೇಳಿ ಪಡೆದು ಸಂಘದ ನಂಬರ್ ಸೇವ್ ಮಾಡಿಕೊಟ್ಟು, ಅಲ್ಲಿಂದಲೇ ಸಂಘಕ್ಕೆ ಒಂದು "ನಮಸ್ಕಾರ" ಕಳಿಸುವಂತೆ ಮಾಡುವುದು. ದಿನಕ್ಕೆ ಹತ್ತು ಜನರಂತೆ ಆರು ಏಜೆಂಟರು ಮಾಡಿದರೆ ಸುಮಾರು ಒಂದು ತಿಂಗಳಲ್ಲಿ 1,850 ಮುಗಿಯುತ್ತದೆ. ಪಿಗ್ಮಿ ಇಲ್ಲದ ಸದಸ್ಯರಿಗೆ ಕೌಂಟರಿನಲ್ಲೇ ಮಾಡಿಸಿ. ಸೇವ್ ಆದ ಪ್ರತಿ ನಂಬರಿಗೆ ಏಜೆಂಟರಿಗೆ 5 ರೂಪಾಯಿ ಕೊಟ್ಟರೂ ಒಟ್ಟು ಖರ್ಚು 9,250. ಏಜೆನ್ಸಿಯ ಹನ್ನೆರಡು ದಿನದ ಸಂಬಳವೂ ಅಲ್ಲ.

ನಂಬರ್ ಸಂಘದ ಹೆಸರಿನ ಸಿಮ್‌ನದ್ದಾಗಿರಲಿ, ಗುಮಾಸ್ತರದ್ದಲ್ಲ. ನೌಕರಿ ಬಿಟ್ಟವರ ಜೊತೆ ಸಂಘದ ಅಷ್ಟೂ ಸಂಪರ್ಕ ಹೊರಟುಹೋಗುವುದು ಈ ಒಂದು ಅಜಾಗ್ರತೆಯಿಂದ. ಎರಡು ಹಂತದ ಪರಿಶೀಲನೆಯ ಪಿನ್ ಹಾಕಿ, ಅದನ್ನು ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಿ.

ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ನಿಮಗೆ ಎಂಟು ಪಟ್ಟಿ ಬೇಕಾಗುತ್ತದೆ, ಅವನ್ನು ಅಂಕಿ ನೋಡಿ ಹರಿಯಬೇಡಿ, ಊರು ನೋಡಿ ವಿಂಗಡಿಸಿ: ಗಂಗಾವತಿ ಪೇಟೆ, ಶ್ರೀರಾಮನಗರ, ಮರಳಿ, ಆನೆಗೊಂದಿ, ವಡ್ಡರಹಟ್ಟಿ ಹೀಗೆ. ಆಗ ಕ್ಯಾಂಪಿನವರಿಗೆ (ಆಂಧ್ರದಿಂದ ಬಂದು ನೆಲೆಸಿದ ರೈತರಿಗೆ) ತೆಲುಗಿನಲ್ಲಿ, ಪೇಟೆಯ ಕೆಲವರಿಗೆ ಉರ್ದುವಿನಲ್ಲಿ ಧ್ವನಿ ಸಂದೇಶ ಕಳಿಸಲು ಸುಲಭ. ಧ್ವನಿ ಸಂದೇಶವೇ ಮುಖ್ಯ. ಓದಲು ಬಾರದವರು, ಕನ್ನಡಕ ಮರೆತವರು, ಗದ್ದೆಯಲ್ಲಿರುವವರು ಎಲ್ಲರೂ ಕೇಳುತ್ತಾರೆ. 40 ಸೆಕೆಂಡ್ ಮೀರದಿರಲಿ. ಅವರಿಗೆ ಪರಿಚಯದ ದನಿಯಾಗಿರಲಿ, ನಮ್ಮ ಕಡೆಯ ಮಾತಿನಲ್ಲೇ ಇರಲಿ. ರೇಡಿಯೋ ಕನ್ನಡದಲ್ಲಿ "ತಾವುಗಳು ಸದುಪಯೋಗಪಡಿಸಿಕೊಳ್ಳಬೇಕಾಗಿ ವಿನಂತಿ" ಅಂದರೆ ಮೊದಲ ಐದು ಸೆಕೆಂಡಿಗೇ ನಿಲ್ಲಿಸುತ್ತಾರೆ.

ಗ್ರೂಪ್ ಮಾತ್ರ ಮಾಡಬೇಡಿ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಅದನ್ನೇ ಹೆಕ್ಕಿ ಮೋಸದ ಕರೆ ಮಾಡುವವರಿದ್ದಾರೆ. ಚುನಾವಣೆ ಹತ್ತಿರ ಬಂದರೆ ರಾತ್ರಿ ಹನ್ನೊಂದಕ್ಕೆ ಜಗಳ. ಸಾರ್ವಜನಿಕ ಪ್ರಕಟಣೆಗೆ ವಾಟ್ಸ್‌ಆ್ಯಪ್ ಚಾನೆಲ್ ಸಾಕು, ಅಲ್ಲಿ ಯಾರ ನಂಬರೂ ಇನ್ನೊಬ್ಬರಿಗೆ ಕಾಣುವುದಿಲ್ಲ. ಏಜೆಂಟರ ಸ್ಟೇಟಸ್ಸನ್ನು ಮರೆಯಬೇಡಿ. ಊರಿನ ಜನ ಪೇಜ್ ನೋಡದಿದ್ದರೂ ಪರಿಚಯದವರ ಸ್ಟೇಟಸ್ ನೋಡುತ್ತಾರೆ.

ಈಗ ಏನು ಹೇಳುವುದು ಎಂಬ ಪ್ರಶ್ನೆ. ಹಬ್ಬದ ಶುಭಾಶಯ, ನಿರ್ದೇಶಕರ ಹುಟ್ಟುಹಬ್ಬ, ಹನ್ನೊಂದು ಮುಖಗಳ ಬ್ಯಾನರ್ ಎಲ್ಲವನ್ನೂ ಬಿಡಿ. (ಪೂರ್ತಿ ಬಿಟ್ಟರೆ ನಿಮ್ಮ ನೌಕರಿಗೇ ಕುತ್ತು ಎಂಬುದು ಗೊತ್ತು. ವರ್ಷಕ್ಕೆ ಮೂರು ಇಟ್ಟುಕೊಳ್ಳಿ.) ಜನ ನಿಲ್ಲಿಸಿ ನೋಡುವುದು ಲೆಕ್ಕವನ್ನು. ನಮ್ಮ ಕಡೆ ಕೈಸಾಲ "ನೂರಕ್ಕೆ ಎರಡು ರೂಪಾಯಿ" ಅನ್ನುತ್ತಾರೆ. ಕೇಳಲು ಸಣ್ಣದು, ವರ್ಷಕ್ಕೆ ಶೇ 24. ಲಕ್ಷಕ್ಕೆ ತಿಂಗಳಿಗೆ 2,000. ವರ್ಷಕ್ಕೆ ಶೇ 12ರ ಬಂಗಾರದ ಸಾಲವಾದರೆ 1,000. ಇಷ್ಟನ್ನು ಒಂದು ಚೀಟಿಯ ಮೇಲೆ ಕೈಯಲ್ಲೇ ಬರೆದು ಫೋಟೋ ತೆಗೆದು ಹಾಕಿ, ಏಜೆನ್ಸಿಯ ಬಣ್ಣದ ಚಿತ್ರ ಬೇಡ. ಇನ್ನೊಂದು ಲೆಕ್ಕ: ಫ್ಲ್ಯಾಟ್ ಶೇ 10 ಎಂದು ಕೊಡುವ 1 ಲಕ್ಷದ ಸಾಲಕ್ಕೆ ತಿಂಗಳಿಗೆ 9,167ರಂತೆ ಹನ್ನೆರಡು ಕಂತು. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಪೂರ್ತಿ ಲಕ್ಷಕ್ಕೇ ಬೀಳುವುದರಿಂದ ನಿಜವಾದ ದರ ಸುಮಾರು ಶೇ 18. ಇಂಥ ಪೋಸ್ಟ್ ಹಾಕುವ ಮುಂಚೆ ನಿಮ್ಮ ಸಂಘದ ವಾಹನ ಸಾಲವೂ ಫ್ಲ್ಯಾಟ್ ಲೆಕ್ಕದ್ದಾ ಎಂದು ನೋಡಿಕೊಳ್ಳಿ. ಹೌದಾದರೆ ಈ ಪೋಸ್ಟ್ ತಿರುಗುಬಾಣ.

ಹೊತ್ತು ಮುಖ್ಯ. ನಿಮ್ಮ ಸದಸ್ಯರ ಕೈಗೆ ದುಡ್ಡು ಬರುವುದು ಏಜೆನ್ಸಿಯ ಕ್ಯಾಲೆಂಡರಿನಂತೆ ಅಲ್ಲ, ತುಂಗಭದ್ರಾ ಕಾಲುವೆಯಂತೆ. ಮುಂಗಾರಿನ ಭತ್ತ ಕೊಯ್ದು ಮಾರಿದಾಗ, ನವೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಠೇವಣಿಯ ಮಾತು. ಎರಡನೇ ಬೆಳೆ ಇದ್ದ ವರ್ಷ ಏಪ್ರಿಲ್, ಮೇನಲ್ಲಿ ಮತ್ತೊಮ್ಮೆ. ನಾಟಿ ಮತ್ತು ಶಾಲೆಯ ಫೀ ಒಟ್ಟಿಗೆ ಬೀಳುವ ಜೂನ್‌ನಿಂದ ಆಗಸ್ಟ್‌ವರೆಗೆ ಠೇವಣಿ ಕೇಳಿದರೆ ಜನ ನಗುತ್ತಾರೆ, ಆಗ ಸಾಲದ ಮಾತಾಡಿ. ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರಿಲ್ಲ ಎಂದ ದಿನ ನಿಮ್ಮ ತಿಂಗಳ ಯೋಜನೆಯನ್ನು ಹರಿದು ಹಾಕಿ. 2024ರ ಆಗಸ್ಟ್ 10ರಂದು ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ವಾರದಲ್ಲಿ ನಾಲ್ಕು ತಿಂಗಳ ಮುಂಚೆಯೇ ತಯಾರಿಟ್ಟ "ಇಂದೇ ಹೂಡಿ, ನಾಳೆ ನಗಿ" ಪೋಸ್ಟ್ ತಾನಾಗಿ ಹೊರಬಿದ್ದರೆ ಹೇಗಿರುತ್ತದೆ ಯೋಚಿಸಿ. ಇಂಥ ಹೊತ್ತಲ್ಲಿ ಸದಸ್ಯ ಕೇಳಬೇಕಾದ ದನಿ ಒಂದೇ: ಕಂತು ಮುಂದೂಡಲು ಯಾರನ್ನು ಕಾಣಬೇಕು, ಯಾವ ಅರ್ಜಿ ಕೊಡಬೇಕು.

ಇದ್ದ ಠೇವಣಿ ಉಳಿಸಿಕೊಳ್ಳುವುದು ಹೊಸದನ್ನು ತರುವುದಕ್ಕಿಂತ ಅಗ್ಗ. ನಿಮ್ಮ ನಿಜವಾದ ಸೋರಿಕೆ ಇರುವುದೂ ಇಲ್ಲೇ. ಪ್ರತಿ ತಿಂಗಳು ಅವಧಿ ಮುಗಿಯುವ ಠೇವಣಿಗಳ ಪಟ್ಟಿ ತೆಗೆಯಿರಿ. 15 ದಿನ ಮುಂಚೆ ನೀವೇ ಫೋನ್ ಮಾಡಿ. ನಾಮಿನಿ ಹೆಸರಿದೆಯಾ, ಮಕ್ಕಳ ನಂಬರ್ ಇದೆಯಾ ಎಂದು ಆಗಲೇ ಕೇಳಿ. ಬೆಂಗಳೂರಿನ ಮಗನಿಗೆ ಸಂಘ ಅಂದರೆ ಅಪ್ಪನ ಹಳೆಯ ಪಾಸ್‌ಪುಸ್ತಕ ಮಾತ್ರ. ತಂದೆ ಬದುಕಿರುವಾಗಲೇ, ಅವರ ಒಪ್ಪಿಗೆಯಿಂದ ಅವನನ್ನು ಮಾತಿಗೆಳೆಯದಿದ್ದರೆ, ಅವನು ಮೊದಲ ಸಲ ಬರುವುದು ಮರಣ ಪ್ರಮಾಣಪತ್ರ ಹಿಡಿದು ಖಾತೆ ಮುಚ್ಚಲು. ಇನ್‌ಸ್ಟಾಗ್ರಾಂ ಇಟ್ಟುಕೊಳ್ಳುವುದಾದರೆ ಈ ಮಕ್ಕಳಿಗಾಗಿ ಇಟ್ಟುಕೊಳ್ಳಿ. ನಾಮಿನಿ ಬದಲಾವಣೆ ಹೇಗೆ, ದೂರದಲ್ಲಿದ್ದರೆ ಯಾವ ಕಾಗದ ಬೇಕು ಎಂಬ ಎರಡೇ ವಿಷಯದ ರೀಲ್ಸ್ ಸಾಕು. ಸಿಬ್ಬಂದಿ ಕುಣಿಯುವ ಅಗತ್ಯವಿಲ್ಲ.

ಖರ್ಚು ಮಾಡಲೇಬೇಕೆಂದಿದ್ದರೆ ಎಸ್‌ಎಂಎಸ್‌ಗೆ ಮಾಡಿ. ಪಿಗ್ಮಿ ಕಟ್ಟಿದ ತಕ್ಷಣ "ಇಂದು 200 ರೂ. ಜಮಾ, ಒಟ್ಟು ಇಷ್ಟು" ಎಂದು ಸಂದೇಶ ಬರುವ ಸಂಘಕ್ಕೆ ಬೇರೆ ಜಾಹೀರಾತು ಬೇಡ. ಏಜೆಂಟ್ ಪುಸ್ತಕದಲ್ಲಿ ಬರೆದು ಕೌಂಟರಿಗೆ ಕಟ್ಟದೆ ಇರುವುದೇ ಪತ್ತಿನ ಸಂಘಗಳ ಹೆಸರು ಕೆಡುವ ಹಳೆಯ ದಾರಿ, ಆ ದಾರಿಯನ್ನು ಇದು ಮುಚ್ಚುತ್ತದೆ. ಇದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ, ಮೊಬೈಲ್ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಸಂಘದ ಹೆಸರು, ಹೆಡರ್ (ಕಳಿಸಿದವರು ಯಾರೆಂದು ಫೋನಿನಲ್ಲಿ ಕಾಣುವ ಚಿಕ್ಕ ಹೆಸರು), ಸಂದೇಶದ ಮಾದರಿ ಮೂರನ್ನೂ ನೋಂದಾಯಿಸಬೇಕು. ಮಾದರಿಯಲ್ಲಿ ಒಂದು ಪದ ಬದಲಾದರೂ ಸಂದೇಶ ನಿಲ್ಲುತ್ತದೆ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಕಾಗುಣಿತದ ಚಿಹ್ನೆಗಳೂ ಎಣಿಕೆಗೆ ಸೇರುತ್ತವೆ. ಮೀರಿದರೆ ಎರಡು ಸಂದೇಶದ ದುಡ್ಡು. "ಗೌರವಾನ್ವಿತ ಸದಸ್ಯರೇ" ಎಂಬ ಒಂದೇ ಸಂಬೋಧನೆಗೆ ಇಪ್ಪತ್ತು ಅಕ್ಷರದ ಹತ್ತಿರ ಹೋಗುತ್ತದೆ, ಕೈಬಿಡಿ.

ಸದಸ್ಯರ ಫೋಟೋ ಹಾಕುವಾಗ ಲಿಖಿತ ಒಪ್ಪಿಗೆ ಪಡೆಯಿರಿ. ಕನ್ನಡದಲ್ಲಿ ಎರಡು ಸಾಲು, ಯಾವಾಗ ಬೇಕಾದರೂ ತೆಗೆಸಬಹುದು ಎಂಬ ಮಾತೂ ಅದರಲ್ಲಿರಲಿ. ಬಂಗಾರ ಅಡ ಇಟ್ಟವರ ಫೋಟೋ ಒಪ್ಪಿಗೆ ಕೊಟ್ಟರೂ ಬೇಡ. ಹಿನ್ನೆಲೆಯಲ್ಲಿ ಲೆಡ್ಜರ್, ಆಧಾರ್ ಪ್ರತಿ, ಕಂಪ್ಯೂಟರ್ ಪರದೆ ಕಾಣುತ್ತಿದೆಯಾ ನೋಡಿ.

ನೀವು ಕೇಳದಿದ್ದರೂ ಒಂದು ಮಾತು. "ಸಂಘ ಮುಣಗೇತಂತ" ಎಂಬ ಫಾರ್ವರ್ಡ್ ಒಂದಲ್ಲ ಒಂದು ದಿನ ಬರುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಹಿಂತೆಗೆತಕ್ಕೆ ರಿಸರ್ವ್ ಬ್ಯಾಂಕ್ 35,000 ರೂಪಾಯಿ ಮಿತಿ ಹಾಕಿದ ಮೇಲೆ, "ಸಹಕಾರಿ" ಎಂಬ ಪದ ಕೇಳಿದರೇ ಎದೆ ಡವಗುಟ್ಟುವವರಿದ್ದಾರೆ. ಆ ಫಾರ್ವರ್ಡನ್ನು ನೀವೇ "ಸುಳ್ಳು" ಎಂದು ಮುದ್ರೆ ಒತ್ತಿ ಹಂಚಬೇಡಿ, ನೋಡದವರಿಗೂ ತಲುಪಿಸಿದಂತಾಗುತ್ತದೆ. "ಏನೂ ತೊಂದರೆ ಇಲ್ಲ" ಎಂಬ ಬರಿ ಮಾತು ಭಯ ಹೆಚ್ಚಿಸುತ್ತದೆ. ಎರಡು ತಾಸಿನೊಳಗೆ ಅಧ್ಯಕ್ಷರ ದನಿಯಲ್ಲಿ ಎಂಟೂ ಪಟ್ಟಿಗಳಿಗೆ ಸಂದೇಶ ಹೋಗಲಿ: ನಗದು ಮತ್ತು ಬ್ಯಾಂಕಿನಲ್ಲಿ ಇಂದು ಎಷ್ಟಿದೆ, ಸಾಲವಾಗಿ ಹೊರಗೆ ಎಷ್ಟಿದೆ, ಕೌಂಟರ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ. ಆ ದಿನ ಒಂದು ತಾಸು ಹೆಚ್ಚೇ ತೆರೆದಿಡಿ. ಡಿಸಿಸಿ ಬ್ಯಾಂಕಿನ ಠೇವಣಿಯ ಮೇಲೆ ಓವರ್‌ಡ್ರಾಫ್ಟ್ (ಬೇಕಾದಾಗ ತೆಗೆಯಬಹುದಾದ ಸಾಲ) ಮಿತಿಯನ್ನು ಈಗಲೇ ಮಾಡಿಸಿಟ್ಟಿದ್ದರೆ ಮಾತ್ರ ಈ ಧೈರ್ಯ ಸಾಧ್ಯ. ನಿಜವಾಗಿ ನಗದು ಕಡಿಮೆ ಇದ್ದರೆ ಸುಳ್ಳು ಸಂಖ್ಯೆ ಕೊಡಬೇಡಿ, ಯಾರಿಗೆ ಯಾವ ದಿನ ಕೊಡುತ್ತೀರಿ ಎಂದು ಹೇಳಿ, ಅಂದೇ ಕೊಡಿ. ಸಂಘದ ಹೆಸರಿನಲ್ಲಿ ನಕಲಿ ಪೇಜ್ ಮಾಡಿ ಓಟಿಪಿ ಕೇಳುವವರು ಕಂಡರೆ, ದುಡ್ಡು ಕಳೆದುಕೊಂಡ ಸದಸ್ಯರಿಂದ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಕೆಲಸ ಆಗುತ್ತಿದೆಯಾ ಎಂದು ತಿಳಿಯಲು ಲೈಕ್ ಎಣಿಸಬೇಡಿ. ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಹೊಸ ಸದಸ್ಯರಿಗೆ "ಯಾರು ಹೇಳಿದ್ರು?" ಎಂದು ಕೇಳಿ ಬರೆಯಿರಿ. ಅವಧಿ ಮುಗಿದ ಠೇವಣಿಯಲ್ಲಿ ಎಷ್ಟು ಮರಳಿ ಇಟ್ಟರು, ನಿಂತುಹೋದ ಪಿಗ್ಮಿ ಖಾತೆಗಳಲ್ಲಿ ಎಷ್ಟು ಮತ್ತೆ ಶುರುವಾದವು ಎಂಬುದನ್ನು ತಿಂಗಳಿಗೊಮ್ಮೆ ಮಂಡಳಿಯ ಮುಂದಿಡಿ. ಎರಡು ಬೆಳೆ ದಾಟುವವರೆಗೆ ತೀರ್ಪು ಕೊಡಬೇಡಿ.

ಇಷ್ಟರ ಮೇಲೂ ಮಂಡಳಿ ಏಜೆನ್ಸಿಯೇ ಬೇಕೆಂದರೆ ವರ್ಷದ ಒಪ್ಪಂದ ಬೇಡ, ಮೂರು ತಿಂಗಳಿಗೆ ಮಾಡಿ. ದಿನಕ್ಕೊಂದು ಪೋಸ್ಟ್ ಎಂಬ ಷರತ್ತು ತೆಗೆಸಿ, ವಾರಕ್ಕೆರಡು ಸಾಕು. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಏನೂ ಹೊರಹೋಗಬಾರದು, ಯಾಕೆಂದರೆ "ಬ್ಯಾಂಕ್" ಎಂಬ ಪದವನ್ನು ಅವರು ಅರಿಯದೇ ಬರೆದರೂ ನೋಟಿಸ್ ಬರುವುದು ನಿಮಗೆ. ಸದಸ್ಯರ ಪಟ್ಟಿಯನ್ನು ಅವರ ಕೈಗೆ ಕೊಡಬೇಡಿ. ಪೇಜ್ ಮತ್ತು ಜಾಹೀರಾತು ಖಾತೆಯ ಪೂರ್ಣ ಹಕ್ಕು ಸಂಘದ ಇಬ್ಬರ ಬಳಿ ಇರಲಿ, ಏಜೆನ್ಸಿಗೆ ಬರೆಯುವ ಹಕ್ಕು ಮಾತ್ರ. ಅವರ ಖಾತೆಯಲ್ಲೇ ಪೇಜ್ ಹುಟ್ಟಿದ್ದರೆ, ಒಪ್ಪಂದ ಮುರಿದ ದಿನ ಅದೂ ಅವರ ಜೊತೆ ಹೋಗುತ್ತದೆ.